ಕುಲ ಒಂದು, ಕಸುಬು ಮೂರು

ಬೆಂಗಳೂರಿನ ಹೆಬ್ಬಾಳದಿಂದ ಹೈದರಾಬಾದಿನತ್ತ ಹೊರಟ ಹೆದ್ದಾರಿ ಚಿಕ್ಕಬಳ್ಳಾಪುರ ದಾಟಿ, ಬಾಗೇಪಲ್ಲಿ ತಲುಪುವ ಮುನ್ನ ಪೆರೇಸಂದ್ರವನ್ನು ಹಾದುಹೋಗುತ್ತದೆ. ಗುಡಿಬಂಡೆಯ ದಾರಿ ಕವಲೊಡೆಯುವುದು ಇಲ್ಲಿಯೇ. ವರ್ಷಪೂರ್ತಿ ಹರಿಯುವ ಹೊಳೆಯಿಲ್ಲದ ಈ ಬಯಲುಸೀಮೆಯಲ್ಲಿ ಕೆರೆ ತುಂಬಿದರೆ ಪೈರು, ಕೊಳವೆಬಾವಿ ಕೈಹಿಡಿದರೆ ತೋಟ. ಮಳೆ ಕೈಕೊಟ್ಟ ವರ್ಷವೂ ಮನೆ ನಡೆಸಿಕೊಡುವ ಜೀವಗಳೆಂದರೆ ಕುರಿ ಮತ್ತು ರೇಷ್ಮೆ ಹುಳು. ಒಂದು ಬಂಡೆಗಳ ನಡುವಿನ ಹುಲ್ಲು ಮೇಯುತ್ತದೆ, ಇನ್ನೊಂದು ಹುಳುಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಮೇದು ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡಾಗಿ ಹೋಗುತ್ತದೆ. ಎರಡಕ್ಕೂ ಮಣ್ಣಿನಲ್ಲಿ ಒಂದೊಂದು ಹಗೆಯುಂಟು. ಸಂಜೆ ಗಟ್ಟಿಮುಟ್ಟಾಗಿದ್ದ ಕುರಿಯನ್ನು ಬೆಳಗಾಗುವುದರೊಳಗೆ ಕೆಡಹುವುದು ನೆರಡಿ ರೋಗ. ಪಶುವೈದ್ಯರು ಅದನ್ನು ಆಂಥ್ರಾಕ್ಸ್ ಎನ್ನುತ್ತಾರೆ, ಅದನ್ನು ತರುವ ಬ್ಯಾಕ್ಟೀರಿಯಾ ಬ್ಯಾಸಿಲಸ್ ಆಂಥ್ರಾಸಿಸ್. ಮೇಯುತ್ತಿದ್ದ ಹುಳುವನ್ನು ಇದ್ದಲ್ಲೇ ಸೊರಗಿಸುವ ಸಪ್ಪೆ ರೋಗಕ್ಕೆ ಕಾರಣಗಳು ಹಲವು. ಅವುಗಳಲ್ಲೊಂದು ಬ್ಯಾಸಿಲಸ್ ತುರಿಂಜಿಯೆನ್ಸಿಸ್, ರೈತರ ಬಾಯಲ್ಲಿ ಬರೀ ‘ಬಿಟಿ’. ಅದೇ ಮಣ್ಣಿನಲ್ಲಿ ಮೂರನೆಯದೂ ಒಂದಿದೆ, ಬ್ಯಾಸಿಲಸ್ ಸೀರಿಯಸ್. ಬೇಯಿಸಿದ ಅನ್ನ ಬೆಚ್ಚಗೆ ಉಳಿದುಬಿಟ್ಟರೆ ಅದರಲ್ಲಿ ಬೆಳೆದು ವಾಂತಿ ಮಾಡಿಸುವ ಜೀವಿ ಇದು.

ಕುರಿಯ ಸಾವು, ಹುಳುವಿನ ಸಾವು, ಮನುಷ್ಯನ ಹೊಟ್ಟೆಯ ತಳಮಳ. ಮೂರಕ್ಕೂ ಮೂರು ಹೆಸರು ಇಟ್ಟಿದ್ದು ಸಹಜವೇ. ಆದರೆ ಡಿಎನ್‌ಎಯನ್ನು ಪಕ್ಕಪಕ್ಕಕ್ಕಿಟ್ಟು ನೋಡಿದವರಿಗೆ ಈ ಮೂರೂ ಒಂದೇ ಮನೆಯ ಮಕ್ಕಳಂತೆ ಕಂಡವು. ಹಾಗಾದರೆ ಹೆಸರು ಮೂರು ಉಳಿಯಬೇಕೋ, ಒಂದಾಗಬೇಕೋ? ಬ್ಯಾಕ್ಟೀರಿಯಾಗಳನ್ನು ಡಿಎನ್‌ಎ ಹೋಲಿಕೆಯಿಂದ ವಿಂಗಡಿಸಿದ ಅರವತ್ತು ವರ್ಷಗಳ ಕಥೆಯಲ್ಲಿ ಇಷ್ಟು ಮೊಂಡಾಗಿ ಉಳಿದ ಪ್ರಶ್ನೆಗಳು ಕಡಿಮೆ. ನನ್ನ ವಾದ ಇಷ್ಟೇ: ಡಿಎನ್‌ಎ ಹೋಲಿಕೆ ಒಂದು ಜೀವಿಯ ಕುಲವನ್ನು ಹೇಳುತ್ತದೆ, ಕಸುಬನ್ನು ಹೇಳುವುದಿಲ್ಲ. ಹಳೆಯ ವಿಜ್ಞಾನಿಗಳು ಕಸುಬು ನೋಡಿ ಕುಲ ಬರೆದರು. ಹೊಸಬರಲ್ಲಿ ಕೆಲವರು ಕುಲ ನೋಡಿ ಕಸುಬನ್ನೇ ಮರೆಯಲು ಹೊರಟರು. ಎರಡಕ್ಕೂ ಬೇರೆ ಬೇರೆ ಲೆಕ್ಕ ಇಟ್ಟಾಗ ಮಾತ್ರ ಹೆಸರು ನಿಜವೂ ಆಗುತ್ತದೆ, ಕೆಲಸಕ್ಕೂ ಬರುತ್ತದೆ.

ಮೊದಲು ಕಸುಬಿನ ಕಾಲವನ್ನು ನೋಡೋಣ. ಫ್ರಾನ್ಸಿನ ಲೂಯಿ ಪಾಶ್ಚರ್ 1865ರಿಂದ ಐದು ವರ್ಷ ರೇಷ್ಮೆ ಹುಳುವಿನ ರೋಗಗಳ ಹಿಂದೆ ಬಿದ್ದಿದ್ದರು. ಗಂಟು ರೋಗವನ್ನು ತಡೆಯಲು ಚಿಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಮೊಟ್ಟೆ ಆರಿಸುವ ಕ್ರಮ ಅವರು ಬಿಟ್ಟುಹೋದದ್ದು. ಇಂದಿಗೂ ಬಿತ್ತನೆ ಮೊಟ್ಟೆ ತಯಾರಿಸುವಲ್ಲಿ ಅದೇ ನಡೆಯುತ್ತದೆ. ಅದೇ ಪಾಶ್ಚರ್ 1881ರಲ್ಲಿ ಪೂಯಿ-ಲ-ಫೋರ್ ಎಂಬ ಹಳ್ಳಿಯಲ್ಲಿ 24 ಕುರಿಗಳಿಗೆ ಆಂಥ್ರಾಕ್ಸ್ ಲಸಿಕೆ ಹಾಕಿ, ಇನ್ನು 24ನ್ನು ಹಾಗೇ ಬಿಟ್ಟು, ಆಮೇಲೆ ಎಲ್ಲಕ್ಕೂ ರೋಗಾಣು ಚುಚ್ಚಿದರು. ಲಸಿಕೆ ಹಾಕಿಸಿಕೊಂಡ ಕುರಿಗಳು ಬದುಕಿದವು, ಉಳಿದವು ಸತ್ತವು. ಅದಕ್ಕೆ ಐದು ವರ್ಷ ಮೊದಲೇ, 1876ರಲ್ಲಿ, ಜರ್ಮನಿಯ ರಾಬರ್ಟ್ ಕಾಖ್ ಈ ಬ್ಯಾಕ್ಟೀರಿಯಾ ಬೀಜಕ ಕಟ್ಟಿಕೊಂಡು ಮಣ್ಣಿನಲ್ಲಿ ವರ್ಷಗಟ್ಟಲೆ ಬಾಳುವುದನ್ನು ತೋರಿಸಿದ್ದರು. 1887ರಲ್ಲಿ ಫ್ರಾಂಕ್‌ಲ್ಯಾಂಡ್ ದಂಪತಿ ಸೀರಿಯಸ್ ಅನ್ನು ವರ್ಣಿಸಿದರು. 1901ರಲ್ಲಿ ಜಪಾನಿನ ಇಶಿವಾತಾ ರೇಷ್ಮೆ ಹುಳುವನ್ನು ಏಕಾಏಕಿ ಕೆಡಹುವ ಬ್ಯಾಕ್ಟೀರಿಯಾ ಕಂಡು, ಆ ರೋಗವನ್ನು ‘ಸೊತ್ತೊ’, ಅಂದರೆ ದಿಢೀರ್ ಕುಸಿತ ಎಂದು ಕರೆದರು. ಹತ್ತು ವರ್ಷಗಳ ನಂತರ ಜರ್ಮನಿಯ ಬರ್ಲಿನರ್ ಹಿಟ್ಟಿನ ಗಿರಣಿಯ ಪತಂಗದ ಮರಿಗಳಲ್ಲಿ ಅಂಥದ್ದನ್ನೇ ಕಂಡರು. ಗಿರಣಿಯಿದ್ದ ತುರಿಂಜಿಯಾ ಪ್ರಾಂತದ ಹೆಸರು 1915ರಲ್ಲಿ ಅದಕ್ಕೆ ಅಂಟಿತು.

ಹೀಗೆ ಒಂದಕ್ಕೆ ಗಾಯದ ಬಣ್ಣದಿಂದ ಹೆಸರು ಬಂತು. ಗ್ರೀಕಿನಲ್ಲಿ ಆಂಥ್ರಾಕ್ಸ್ ಎಂದರೆ ಇದ್ದಿಲು. ಇನ್ನೊಂದಕ್ಕೆ ಸೀಮೆಯಿಂದ ಬಂತು, ಮತ್ತೊಂದಕ್ಕೆ ಮೇಣದಂಥ ರೂಪದಿಂದ ಬಂತು. ಕುರಿಯ ಮೈ ಬಗೆದವರು ಒಬ್ಬರು, ಹುಳುವಿನ ತಟ್ಟೆ ನೋಡಿದವರು ಇನ್ನೊಬ್ಬರು. ತಾವು ಒಂದೇ ಮನೆಯ ಬೇರೆ ಬೇರೆ ಬಾಗಿಲು ತಟ್ಟುತ್ತಿದ್ದೇವೆಂದು ಅವರಿಗೆ ಅನ್ನಿಸಲು ಕಾರಣವಿರಲಿಲ್ಲ. ಅದು ಅವರ ತಪ್ಪೂ ಅಲ್ಲ. ಬ್ಯಾಕ್ಟೀರಿಯಾಕ್ಕೆ ಹೂವಿಲ್ಲ, ಹಲ್ಲಿಲ್ಲ, ಮೂಳೆಯಿಲ್ಲ. ಕಣ್ಣಿಗೆ ಕಾಣುವುದು ಒಂದು ಸಣ್ಣ ಕಡ್ಡಿ, ಅದರ ನಡುವೆ ಒಂದು ಬೀಜಕ. ಅದು ಏನು ಮಾಡುತ್ತದೆ ಎಂಬುದನ್ನು ಬಿಟ್ಟರೆ ಗುರುತಿಗೆ ಬೇರೆ ಆಧಾರವೇ ಇರಲಿಲ್ಲ. ಆದರೂ ಅನುಮಾನ ಬೇಗನೇ ಹುಟ್ಟಿತು. ಅಮೆರಿಕದ ಕೃಷಿ ಇಲಾಖೆಗಾಗಿ ಬೀಜಕ ಕಟ್ಟುವ ನೂರಾರು ತಳಿಗಳನ್ನು ಒಂದೇ ಸಾಲಿನಲ್ಲಿಟ್ಟು ಪರೀಕ್ಷಿಸಿದ ಸ್ಮಿತ್, ಗಾರ್ಡನ್ ಮತ್ತು ಕ್ಲಾರ್ಕ್ 1946ರಲ್ಲಿ, ಮತ್ತೆ 1952ರಲ್ಲಿ, ಆಂಥ್ರಾಸಿಸ್ ಮತ್ತು ತುರಿಂಜಿಯೆನ್ಸಿಸ್ ಎರಡೂ ಸೀರಿಯಸ್‌ನ ಬಗೆಗಳಷ್ಟೇ ಎಂದು ಬರೆದರು. ರೋಗ ತರುವ ಶಕ್ತಿ ಕಳೆದುಕೊಂಡ ಆಂಥ್ರಾಸಿಸ್ ತಳಿಯನ್ನು ಸೀರಿಯಸ್‌ನಿಂದ ಬೇರ್ಪಡಿಸುವುದು ಕಷ್ಟ ಎಂಬುದು ಅವರ ಮಾತಿನ ತಿರುಳು. ವೈದ್ಯರಿಗೂ ಪಶುವೈದ್ಯರಿಗೂ ಇದು ರುಚಿಸಲಿಲ್ಲ. ಹೆಸರುಗಳು ಇದ್ದಂತೆಯೇ ಉಳಿದವು.

ಜಗಳಕ್ಕೆ ಹೊಸ ಸಾಕ್ಷಿ ಬಂದದ್ದು 1960ರಲ್ಲಿ, ಹಾರ್ವರ್ಡಿನ ಪಾಲ್ ಡೋಟಿ ಮತ್ತು ಜೂಲಿಯಸ್ ಮಾರ್ಮರ್ ಅವರ ಪ್ರಯೋಗಶಾಲೆಯಿಂದ. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆಯನ್ನು ನೋಡಿದವರಿಗೆ ಈ ಪ್ರಯೋಗ ಪರಕೀಯವೆನಿಸದು. ಬಿಸಿನೀರಿನ ಬೇಸಿನ್ನಿನಲ್ಲಿ ಗೂಡಿನ ಗೋಂದು ಸಡಿಲವಾಗುತ್ತದೆ, ಎಳೆಯ ತುದಿ ಕೈಗೆ ಸಿಗುತ್ತದೆ, ರಾಟೆಗೆ ಸುತ್ತಿಕೊಳ್ಳುತ್ತದೆ. ಮಾರ್ಮರ್ ಬ್ಯಾಕ್ಟೀರಿಯಾಗಳನ್ನು ಒಡೆದು, ಆ ದ್ರಾವಣದ ಮೇಲೆ ಆಲ್ಕೊಹಾಲ್ ಸುರಿದು, ಗಾಜಿನ ಕಡ್ಡಿ ತಿರುಗಿಸಿದರೆ ಡಿಎನ್‌ಎ ಬಿಳಿ ಎಳೆಯಾಗಿ ಕಡ್ಡಿಗೆ ಸುತ್ತಿಕೊಳ್ಳುತ್ತಿತ್ತು. ಆ ಎಳೆ ಜೋಡಿ ಎಳೆ. ಒಂದರ ಅಕ್ಷರಕ್ಕೆ ಎದುರಾಗಿ ಇನ್ನೊಂದರ ತಕ್ಕ ಅಕ್ಷರ ಕೂತಿರುತ್ತದೆ. ನೀರು ಕುದಿಯುವ ಹತ್ತಿರಕ್ಕೆ ಕಾಯಿಸಿದರೆ ಜೋಡಿ ಬಿಚ್ಚುತ್ತದೆ. ನಿಧಾನವಾಗಿ ತಣಿಸಿದರೆ ಪ್ರತಿ ಎಳೆಯೂ ತನ್ನ ಜೊತೆಯನ್ನು ಹುಡುಕಿ ಮತ್ತೆ ಹೆಣೆದುಕೊಳ್ಳುತ್ತದೆ. ಎರಡು ಬೇರೆ ಬ್ಯಾಕ್ಟೀರಿಯಾಗಳ ಬಿಚ್ಚಿದ ಎಳೆಗಳನ್ನು ಒಂದೇ ಕೊಳವೆಯಲ್ಲಿ ಬೆರೆಸಿ ತಣಿಸಿದರೆ? ಹತ್ತಿರದ ನೆಂಟರಾದರೆ ಒಬ್ಬರ ಎಳೆ ಇನ್ನೊಬ್ಬರ ಎಳೆಯನ್ನು ಒಪ್ಪಿಕೊಳ್ಳುತ್ತದೆ, ದೂರದವರಾದರೆ ಒಲ್ಲೆನ್ನುತ್ತದೆ. 1961ರಲ್ಲಿ ಅವರು ಇದನ್ನೇ ಮಾಡಿ ತೋರಿಸಿದರು. 1963ರಲ್ಲಿ ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯ ಮೆಕಾರ್ಥಿ ಮತ್ತು ಬೋಲ್ಟನ್ ಒಬ್ಬರ ಎಳೆಗಳನ್ನು ಅಗಾರಿನಲ್ಲಿ ಹಿಡಿದಿಟ್ಟು, ಇನ್ನೊಬ್ಬರ ವಿಕಿರಣಶೀಲ ತುಣುಕುಗಳನ್ನು ಅದಕ್ಕೆ ಉಣಿಸಿ, ಎಷ್ಟು ಅಂಟಿತೆಂದು ಎಣಿಸಿದರು. ನೆಂಟಸ್ತಿಕೆಗೆ ಮೊದಲ ಬಾರಿಗೆ ಶೇಕಡಾ ಲೆಕ್ಕ ಸಿಕ್ಕಿತು.

ಈ ತಕ್ಕಡಿಯಲ್ಲಿ ನಮ್ಮ ಮೂವರನ್ನು ತೂಗಿದವರು ಹಲವರು. 1972ರಲ್ಲಿ ಸಾಮರ್‌ವಿಲ್ ಮತ್ತು ಜೋನ್ಸ್, 1978ರಲ್ಲಿ ಜಪಾನಿನ ಕನೆಕೊ ಮತ್ತು ಜೊತೆಗಾರರು ಮೂರರ ಡಿಎನ್‌ಎಯೂ ಪರಸ್ಪರ ಬಲವಾಗಿ ಹೆಣೆದುಕೊಳ್ಳುವುದನ್ನು ಕಂಡರು. 1987ರಲ್ಲಿ ಲಾರೆನ್ಸ್ ವೇಯ್ನ್ ನೇತೃತ್ವದ ಅಂತರರಾಷ್ಟ್ರೀಯ ಸಮಿತಿ ಒಂದು ಗೆರೆ ಎಳೆಯಿತು: ಡಿಎನ್‌ಎ ಸುಮಾರು ಶೇ 70ರಷ್ಟು ಅಥವಾ ಹೆಚ್ಚು ಹೆಣೆದುಕೊಂಡರೆ, ಹೆಣೆದ ಜೋಡಿ ಕರಗುವ ತಾಪ ಶುದ್ಧ ಜೋಡಿಯದಕ್ಕಿಂತ 5 ಡಿಗ್ರಿಗೂ ಹೆಚ್ಚು ಕೆಳಗೆ ಬೀಳದಿದ್ದರೆ, ಅವು ಒಂದೇ ಪ್ರಭೇದ. 1991ರಲ್ಲಿ ರೈಬೋಸೋಮಿನ 16ಎಸ್ ಆರ್‌ಎನ್‌ಎಯ ಅಕ್ಷರಸಾಲು ಓದಿದಾಗ ಆಂಥ್ರಾಸಿಸ್‌ಗೂ ವಾಂತಿ ತರುವ ಒಂದು ಸೀರಿಯಸ್ ತಳಿಗೂ ಒಂದಕ್ಷರದ ವ್ಯತ್ಯಾಸವೂ ಇರಲಿಲ್ಲ. ಕೊನೆಗೆ 2000ದಲ್ಲಿ ನಾರ್ವೆಯ ಹೆಲ್ಗಸೊನ್ ಮತ್ತು ಸಂಗಡಿಗರು ಒಂಬತ್ತು ವಂಶವಾಹಿಗಳನ್ನು ಹೋಲಿಸಿ, ಇವು ಮೂರೂ ಒಂದೇ ಪ್ರಭೇದವೆಂದು ಪ್ರಬಂಧದ ತಲೆಬರಹದಲ್ಲೇ ಸಾರಿಬಿಟ್ಟರು.

ಹಾಗಾದರೆ ಕುರಿಯ ಸಾವು ಎಲ್ಲಿಂದ ಬಂತು, ಹುಳುವಿನ ಸಾವು ಎಲ್ಲಿಂದ ಬಂತು? ಹುಳುಮನೆಗೆ ಹೋಗಿಯೇ ನೋಡೋಣ. ನಾಲ್ಕನೇ ಜ್ವರ, ಅಂದರೆ ಪೊರೆಬಿಡುವ ನಿದ್ದೆ, ಮುಗಿಸಿ ಎದ್ದ ಹುಳು ಹಗಲಿರುಳೆನ್ನದೆ ಸೊಪ್ಪು ಕಡಿಯುತ್ತಿರುತ್ತದೆ. ಮೇಯುವ ಸದ್ದು ತುಂತುರು ಮಳೆಯ ಸದ್ದಿನಂತಿರುತ್ತದೆ. ಬಿಟಿ ತಗುಲಿದ ಸೊಪ್ಪು ಹೊಟ್ಟೆ ಸೇರಿದ ಹುಳು ಮೇಯುವುದನ್ನು ನಿಲ್ಲಿಸಿ, ತಲೆ ಮೇಲೆತ್ತಿ ನಡುಗುತ್ತದೆ, ಆಮೇಲೆ ಸ್ವಾಧೀನ ತಪ್ಪಿ ಮಗ್ಗುಲಾಗುತ್ತದೆ, ಸತ್ತ ಮೇಲೆ ಕಪ್ಪಿಡುತ್ತದೆ. ಇದರ ಗುಟ್ಟು ಬ್ಯಾಕ್ಟೀರಿಯಾ ಬೀಜಕ ಕಟ್ಟುವಾಗ ಪಕ್ಕದಲ್ಲೇ ಕಟ್ಟುವ ಪ್ರೋಟೀನ್ ಹರಳಿನಲ್ಲಿದೆ. 1953ರಲ್ಲಿ ಹ್ಯಾನೆ ಆ ಹರಳಿನ ಮೇಲೆ ಬೆರಳಿಟ್ಟರು; ಮರುವರ್ಷ ಆಂಗಸ್, ರೇಷ್ಮೆ ಹುಳುವಿನ ಮೇಲೆಯೇ ಪ್ರಯೋಗ ನಡೆಸಿ, ವಿಷ ಇರುವುದು ಹರಳಿನಲ್ಲೇ ಎಂದು ಸಾಬೀತು ಮಾಡಿದರು. ಹುಳುವಿನ ಕರುಳು ಸುಣ್ಣದ ತಿಳಿಯಂತೆ ಕ್ಷಾರ. ಅಲ್ಲಿ ಹರಳು ಕರಗುತ್ತದೆ, ಕರುಳಿನ ರಸಗಳು ಅದನ್ನು ಕತ್ತರಿಸಿ ಹರಿತ ಮಾಡುತ್ತವೆ, ಅದು ಕರುಳಿನ ಗೋಡೆಯಲ್ಲಿ ತೂತು ಕೊರೆಯುತ್ತದೆ. ಆಮ್ಲ ತುಂಬಿದ ಮನುಷ್ಯನ ಜಠರದಲ್ಲಿ ಇದು ನಡೆಯುವುದಿಲ್ಲ. ಈ ಹರಳಿನ ವಂಶವಾಹಿ ಕೂತಿರುವುದು ಬಹುಮಟ್ಟಿಗೆ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ, ಮುಖ್ಯ ವರ್ಣತಂತುವಿನ ಹೊರಗೆ. 1982ರಲ್ಲಿ ಗೊನ್ಸಾಲೆಸ್ ಮತ್ತು ಸಂಗಡಿಗರು ಬಿಟಿಯನ್ನೂ ಸೀರಿಯಸ್ಸನ್ನೂ ಒಟ್ಟಿಗೆ ಬೆಳೆಸಿ ಈ ಉಂಗುರ ಒಂದರಿಂದ ಇನ್ನೊಂದಕ್ಕೆ ದಾಟುವುದನ್ನು ತೋರಿಸಿದರು. ಉಂಗುರ ಪಡೆದ ಸೀರಿಯಸ್ ಹರಳು ಕಟ್ಟತೊಡಗಿತು.

ಕುರಿಯ ಕಥೆಯೂ ಹೀಗೆಯೇ ಬಿಚ್ಚಿಕೊಂಡಿತು. ಆಂಥ್ರಾಸಿಸ್‌ನ ವರ್ಣತಂತು ಸುಮಾರು 52 ಲಕ್ಷ ಅಕ್ಷರಜೋಡಿಗಳಷ್ಟು ಉದ್ದ. ಅದರ ಜೊತೆ ಎರಡು ಉಂಗುರಗಳಿವೆ. ಸುಮಾರು 1 ಲಕ್ಷ 82 ಸಾವಿರ ಅಕ್ಷರಜೋಡಿಗಳ ಮೊದಲನೆಯದರಲ್ಲಿ ವಿಷದ ಮೂರು ಪ್ರೋಟೀನ್‌ಗಳ ವಂಶವಾಹಿಗಳಿವೆ. ಇದು ಗೊತ್ತಾದದ್ದು 1983ರಲ್ಲಿ. ಸುಮಾರು 95 ಸಾವಿರದ ಎರಡನೆಯದರಲ್ಲಿ, ಮೈಯ ರಕ್ಷಕ ಕಣಗಳ ಕಣ್ಣು ತಪ್ಪಿಸುವ ಕವಚದ ವಂಶವಾಹಿಗಳಿವೆ. ಇದು ಗೊತ್ತಾದದ್ದು 1985ರಲ್ಲಿ. ಎರಡನೆಯ ಉಂಗುರ ಕಳೆದುಹೋದರೆ ಏನಾಗುತ್ತದೆಂಬುದಕ್ಕೆ ಉತ್ತರ ಹೆಬ್ಬಾಳದಲ್ಲೇ ಇದೆ. ಅಲ್ಲಿನ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ತಯಾರಿಸುವ ನೆರಡಿ ಲಸಿಕೆ ಬ್ಯಾಕ್ಟೀರಿಯಾದ ಬೀಜಕಗಳಿಂದಲೇ ಆದದ್ದು. ಇಂಥ ಲಸಿಕೆಗಳ ಮೂಲತಳಿಯನ್ನು 1930ರ ದಶಕದಲ್ಲಿ ದಕ್ಷಿಣ ಆಫ್ರಿಕದ ಮ್ಯಾಕ್ಸ್ ಸ್ಟರ್ನ್ ಆರಿಸಿದ್ದರು. ಕವಚವಿಲ್ಲದ ತಳಿಯೊಂದು ಕುರಿಯನ್ನು ಕೊಲ್ಲದೆ ಕಾಯುತ್ತದೆಂದು ಅವರಿಗೆ ಗೊತ್ತಾಗಿತ್ತು. ಅದು ಎರಡನೆಯ ಉಂಗುರ ಕಳೆದುಕೊಂಡ ತಳಿಯೆಂದು ಲೋಕಕ್ಕೆ ತಿಳಿಯಲು ಅರ್ಧ ಶತಮಾನ ಬೇಕಾಯಿತು. ಕೊಲ್ಲುವ ಬ್ಯಾಕ್ಟೀರಿಯಾಕ್ಕೂ ಕಾಯುವ ಬ್ಯಾಕ್ಟೀರಿಯಾಕ್ಕೂ ಇರುವ ಮುಖ್ಯ ವ್ಯತ್ಯಾಸ ಒಟ್ಟು ಡಿಎನ್‌ಎಯ ನೂರರಲ್ಲಿ ಎರಡು ಪಾಲೂ ಇಲ್ಲ. ಶೇ 70ರ ತಕ್ಕಡಿಗೆ ಈ ತೂಕ ತಾಗುವುದೇ ಇಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ತೂಕದ ಆಕ್ಷೇಪವೇ. ಕೊಲೆಗಾರನಿಗೂ ನಿರುಪದ್ರವಿಗೂ ಒಂದೇ ಹೆಸರಿಟ್ಟರೆ ಆಸ್ಪತ್ರೆಯಲ್ಲಿ, ಪ್ರಯೋಗಶಾಲೆಯಲ್ಲಿ ಯಾರಾದರೂ ಎಡವುತ್ತಾರೆ; ಆ ಎಡವು ಪ್ರಾಣಕ್ಕೆ ಬರುತ್ತದೆ. ಈ ವಾದ ಒಮ್ಮೆ ಗೆದ್ದಿದೆ, ಅದೂ ನಮ್ಮ ಸೀಮೆಗೆ ಚೆನ್ನಾಗಿ ಗೊತ್ತಿರುವ ರೋಗದ ವಿಷಯದಲ್ಲಿ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದ ಪ್ಲೇಗ್ ಪೇಟೆಯನ್ನು ಬರಿದು ಮಾಡಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಭಯದ ನೆರಳಿನಲ್ಲಿ, ಪ್ಲೇಗಮ್ಮನ ಗುಡಿಗಳು ಎದ್ದದ್ದೂ ಆಗಲೇ. 1994ಕ್ಕೆ ಮುನ್ನ ದೇಶದಲ್ಲಿ ಮನುಷ್ಯರಿಗೆ ಪ್ಲೇಗ್ ಬಂದ ಕೊನೆಯ ದಾಖಲೆ 1966ರದು, ಕೋಲಾರ ಜಿಲ್ಲೆಯ ಮುಳಬಾಗಿಲಿನದು. 2007ರಲ್ಲಿ ಬೇರೆಯಾಗುವ ತನಕ ಚಿಕ್ಕಬಳ್ಳಾಪುರವೂ ಆ ಜಿಲ್ಲೆಯ ಭಾಗವೇ. ಪ್ಲೇಗ್ ತರುವ ಯೆರ್ಸೀನಿಯಾ ಪೆಸ್ಟಿಸ್‌ನ ಡಿಎನ್‌ಎಯನ್ನು 1980ರಲ್ಲಿ ಬರ್ಕೋವಿಯೆ, ಬ್ರೆನ್ನರ್ ಮೊದಲಾದವರು ಯೆರ್ಸೀನಿಯಾ ಸೂಡೊಟ್ಯುಬರ್ಕ್ಯುಲೋಸಿಸ್ ಎಂಬ, ಜ್ವರ ಹೊಟ್ಟೆನೋವು ತರುವ ಬ್ಯಾಕ್ಟೀರಿಯಾದ ಡಿಎನ್‌ಎ ಜೊತೆ ಹೆಣೆದು ನೋಡಿದರು. ಎರಡೂ ಒಂದೇ ಪ್ರಭೇದವೆಂದು ಲೆಕ್ಕ ಹೇಳಿತು. ಹಾಗಾಗಿ ಪ್ಲೇಗ್ ಬ್ಯಾಕ್ಟೀರಿಯಾವನ್ನು ಸೂಡೊಟ್ಯುಬರ್ಕ್ಯುಲೋಸಿಸ್‌ನ ಉಪಪ್ರಭೇದ ಮಾಡಬೇಕೆಂಬ ಸಲಹೆ ಬಂತು. 1985ರಲ್ಲಿ ಬ್ಯಾಕ್ಟೀರಿಯಾ ಹೆಸರುಗಳ ಅಂತರರಾಷ್ಟ್ರೀಯ ನ್ಯಾಯ ಆಯೋಗ ಅದನ್ನು ತಳ್ಳಿಹಾಕಿ ಹಳೆಯ ಹೆಸರನ್ನೇ ಉಳಿಸಿತು. ಹೆಸರು ಬದಲಾದರೆ ಜನರ ಆರೋಗ್ಯಕ್ಕೆ ಅಪಾಯ ಎಂಬುದೇ ಅದರ ಹಿಂದಿನ ಕಾರಣ.

ಆ ಎಚ್ಚರ ತಪ್ಪೆನ್ನಲಾರೆ. 1994ರಲ್ಲಿ ಸೂರತ್ತಿನಲ್ಲಿ ಜನ ರೋಗಕ್ಕೆ ಹೆದರಿ ಊರು ಬಿಟ್ಟು ಓಡಿದಾಗ, ಇದು ಪ್ಲೇಗ್ ಹೌದೋ ಅಲ್ಲವೋ ಎಂಬ ತಕರಾರು ವರ್ಷಗಟ್ಟಲೆ ನಡೆಯಿತು; ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು ಡಿಎನ್‌ಎ ಗುರುತುಗಳಿಂದ ಅದು ಪೆಸ್ಟಿಸ್ಸೇ ಎಂದು 2000ದಲ್ಲಿ ಪ್ರಕಟಿಸಿದರು. ಅಂಥ ಹೊತ್ತಿನಲ್ಲಿ ಹೆಸರೂ ಗೋಜಲಾಗಿದ್ದಿದ್ದರೆ ತಕರಾರು ಇನ್ನಷ್ಟು ಬೆಳೆಯುತ್ತಿತ್ತು. ಆದರೆ ಹಳೆಯ ಹೆಸರು ಸದಾ ಸುರಕ್ಷಿತ ಎಂಬ ನಂಬಿಕೆಗೆ ಇತಿಹಾಸದ ಬೆಂಬಲವಿಲ್ಲ. 1994ರಲ್ಲಿ ಅಮೆರಿಕದ ಲೂಯಿಸಿಯಾನಾದಲ್ಲಿ ವೆಲ್ಡಿಂಗ್ ಕೆಲಸದವರೊಬ್ಬರು ಆಂಥ್ರಾಕ್ಸನ್ನೇ ಹೋಲುವ ಕಡು ನ್ಯುಮೋನಿಯಾಕ್ಕೆ ತುತ್ತಾದರು. ಸಿಕ್ಕ ಬ್ಯಾಕ್ಟೀರಿಯಾ ಎಲ್ಲ ಪರೀಕ್ಷೆಗಳಲ್ಲೂ ಸೀರಿಯಸ್. ಒಳಗಿದ್ದದ್ದು ಆಂಥ್ರಾಕ್ಸ್‌ನ ವಿಷದ ಉಂಗುರ. ಇದು ಬೆಳಕಿಗೆ ಬಂದದ್ದು 2004ರಲ್ಲಿ. ಅದೇ ವರ್ಷ ಐವರಿಕೋಸ್ಟಿನ ‘ತಾಯಿ’ ಎಂಬ ಕಾಡಿನಲ್ಲಿ ಚಿಂಪಾಂಜಿಗಳು ಆಂಥ್ರಾಕ್ಸ್‌ನಿಂದ ಸತ್ತ ವರದಿ ಬಂತು. ಮುಂದೆ ನೋಡಿದರೆ ಆ ಬ್ಯಾಕ್ಟೀರಿಯಾ ಎರಡೂ ಉಂಗುರ ಹೊತ್ತ ಸೀರಿಯಸ್. ‘ಸೀರಿಯಸ್ ತಾನೇ, ಹಳಸಿದ ಅನ್ನದ ಬ್ಯಾಕ್ಟೀರಿಯಾ’ ಎಂದು ಕೈಬಿಡಲು ಹಳೆಯ ಹೆಸರೇ ಪ್ರೇರಣೆ ಕೊಡುತ್ತಿತ್ತು. ಕಾಪಾಡಬೇಕಾದ ಹೆಸರು ಕಣ್ಣು ಕಟ್ಟಿತ್ತು. ಸುರಕ್ಷತೆಯ ಹೆಸರಿನಲ್ಲಿ ಕಸುಬಿನ ಹೆಸರನ್ನು ಪ್ರಭೇದದ ಮೇಲೆ ಕೂರಿಸುವ ವಾದ ಇಲ್ಲಿ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುತ್ತದೆ.

ಎರಡನೆಯ ಆಕ್ಷೇಪ ಗೆರೆಯ ಬಗ್ಗೆ. ಶೇ 70 ಎಂದು ಯಾರು ಬರೆದುಕೊಟ್ಟದ್ದು? 65 ಏಕೆ ಅಲ್ಲ? ಅಷ್ಟು ಸಡಿಲವಾದ ಗೆರೆಯನ್ನು ಪ್ರಾಣಿಗಳಿಗೆ ಎಳೆದರೆ ಮನುಷ್ಯನೂ ಚಿಂಪಾಂಜಿಯೂ ಒಂದೇ ಪ್ರಭೇದವಾಗುತ್ತಾರೆ. ಈ ಕೀಟಲೆಯಲ್ಲಿ ಹುರುಳಿದೆ. ಆದರೆ ಶೇ 70 ಎಂಬುದು ಅಕ್ಷರಗಳ ಹೋಲಿಕೆಯಲ್ಲ, ಎಳೆಗಳು ಹೆಣೆದುಕೊಂಡ ಪ್ರಮಾಣ ಎಂಬುದನ್ನು ಮೊದಲು ನೆನಪಿಡಬೇಕು. ಇಡೀ ಜೀನೋಮ್ ಓದಲು ಸಾಧ್ಯವಾದ ಮೇಲೆ 2005ರಲ್ಲಿ ಕಾನ್‌ಸ್ಟಾಂಟಿನಿಡಿಸ್ ಮತ್ತು ಟೀಜೆ ಎರಡು ಜೀನೋಮ್‌ಗಳು ಹಂಚಿಕೊಂಡ ಭಾಗಗಳ ಅಕ್ಷರ ಹೋಲಿಕೆಯ ಸರಾಸರಿ ತೆಗೆಯುವ ಕ್ರಮ ತಂದರು. ಹಳೆಯ ಶೇ 70 ಹೊಸ ಲೆಕ್ಕದಲ್ಲಿ ಸುಮಾರು ಶೇ 95ಕ್ಕೆ ಸಮ ಎಂದು 2007ರಲ್ಲಿ ಖಚಿತವಾಯಿತು. 2018ರಲ್ಲಿ ಸುಮಾರು 90,000 ಜೀನೋಮ್‌ಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದಾಗ, ಬಹುಪಾಲು ಜೋಡಿಗಳು ಶೇ 95ರ ಮೇಲೆ ಅಥವಾ ಶೇ 83ರ ಕೆಳಗೆ ಬಿದ್ದವು. ನಡುವಿನ ಹೊಲ ಹೆಚ್ಚೂಕಮ್ಮಿ ಬೀಳು. ಗೆರೆಯನ್ನು ಮನುಷ್ಯರು ಊಹೆಯಿಂದ ಎಳೆದಿರಬಹುದು, ಎಳೆದದ್ದು ಮಾತ್ರ ನಿಜವಾದ ಬದುವಿನ ಹತ್ತಿರವೇ. ಆದರೆ ನಮ್ಮ ಸೀರಿಯಸ್ ಬಳಗ ಈ ಬದುವನ್ನು ಗೌರವಿಸುವುದಿಲ್ಲ. ಅದರ ಕೆಲವು ತಳಿಗಳು ಶೇ 95ರ ಆಸುಪಾಸಿನಲ್ಲೇ ಓಲಾಡುತ್ತವೆ, ಒಂದೇ ತಳಿ ಎರಡು ಮನೆಯ ಪಡಿತರ ಚೀಟಿಯಲ್ಲೂ ಹೆಸರು ಬರೆಸಿಕೊಂಡಂತೆ. ಒಂದೇ ಅಂಕಿ ಎಲ್ಲ ಕಡೆ ನ್ಯಾಯ ಹೇಳದು ಎಂಬ ಮಾತನ್ನು ಒಪ್ಪಲೇಬೇಕು. 1987ರ ಸಮಿತಿಗೂ ಇದರ ಅರಿವಿತ್ತು. ಕೆಲವೇ ಅಸಾಧಾರಣ ಸಂದರ್ಭಗಳಲ್ಲಿ ಜೀವಿಯ ಗುಣಲಕ್ಷಣಗಳಿಗೆ ಡಿಎನ್‌ಎ ಲೆಕ್ಕವನ್ನು ಮೀರುವ ಅವಕಾಶವನ್ನು ಅದು ಉಳಿಸಿಟ್ಟಿತ್ತು.

ಮೂರನೆಯ ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ. ಎಲ್ಲವೂ ಉಂಗುರದ ಮಹಿಮೆಯಾದರೆ ಆಂಥ್ರಾಸಿಸ್ ಎಂಬ ಹೆಸರನ್ನೂ ತುರಿಂಜಿಯೆನ್ಸಿಸ್ ಎಂಬ ಹೆಸರನ್ನೂ ಒಟ್ಟಿಗೆ ಗುಡಿಸಿ ಹಾಕಬಹುದಲ್ಲ? ಸಾಕ್ಷಿ ಇದನ್ನು ಒಪ್ಪುವುದಿಲ್ಲ. ಆಂಥ್ರಾಸಿಸ್‌ನ ಮುಖ್ಯ ವರ್ಣತಂತುವಿನಲ್ಲೇ ಅದರದೇ ಗುರುತುಗಳಿವೆ. ಪಿಎಲ್‌ಸಿಆರ್ ಎಂಬ ವಂಶವಾಹಿಯ ನಡುವೆ ಒಂದೇ ಅಕ್ಷರ ಬದಲಾಗಿ ಅದು ಅರ್ಧಕ್ಕೇ ನಿಂತುಹೋಗಿದೆ. ಹಾಗಾಗಿ ರಕ್ತಕಣ ಒಡೆಯುವಂಥ ಸೀರಿಯಸ್‌ನ ಹಲವು ಕೌಶಲಗಳು ಅದರಲ್ಲಿ ಮೂಕವಾಗಿವೆ. ಲೋಕದ ಎಲ್ಲ ಕಡೆಯ ಆಂಥ್ರಾಸಿಸ್ ತಳಿಗಳೂ ಒಂದೇ ಕೊಂಬೆಯ ಎಲೆಗಳು, ಒಂದನ್ನೊಂದು ಅಚ್ಚೊತ್ತಿದಂತೆ ಹೋಲುತ್ತವೆ. ಬಿಟಿಯ ಕಥೆ ಬೇರೆ. ಹರಳು ಕಟ್ಟುವ ತಳಿಗಳು ಬಳಗದ ಹಲವು ಕೊಂಬೆಗಳಲ್ಲಿ ಚೆದುರಿಹೋಗಿವೆ. ಒಂದು ಬಿಟಿ ಇನ್ನೊಂದು ಬಿಟಿಗಿಂತ ಪಕ್ಕದ ಸೀರಿಯಸ್‌ಗೆ ಹತ್ತಿರವಿರಬಹುದು. ಅಂದರೆ ಆಂಥ್ರಾಸಿಸ್ ಒಂದು ಮನೆತನದ ಹೆಸರು. ತುರಿಂಜಿಯೆನ್ಸಿಸ್ ಪಟೇಲ, ಶ್ಯಾನುಭೋಗ ಎಂಬಂಥ ಹುದ್ದೆಯ ಹೆಸರು. ಹಾಗಾದರೆ ಶಾಶ್ವತವಾಗಿ ಉಳಿದ ಗುರುತು ಕುಲಕ್ಕೆ ಸೇರಬೇಕು, ಕೈಬದಲಾಯಿಸುವ ಗುರುತು ಕಸುಬಿಗೆ ಸೇರಬೇಕು. ಹುಟ್ಟಿನಿಂದ ಕಸುಬನ್ನೂ ಕಸುಬಿನಿಂದ ಹುಟ್ಟನ್ನೂ ತೀರ್ಮಾನಿಸಿ ಎಷ್ಟು ಅನ್ಯಾಯವಾಗಬಲ್ಲದೆಂದು ಬಲ್ಲ ನಾಡಿಗೆ ಈ ಎಚ್ಚರವನ್ನು ಬಿಡಿಸಿ ಹೇಳಬೇಕಿಲ್ಲ.

2020ರಲ್ಲಿ ಅಮೆರಿಕದ ಲಾರಾ ಕ್ಯಾರಲ್, ಮಾರ್ಟಿನ್ ವೀಡ್ಮನ್ ಮತ್ತು ಯಾಸ್ನಾ ಕೊವಾಚ್ ಮಂಡಿಸಿದ ಸಲಹೆ ಈ ದಾರಿಯದೇ. ಎರಡು ಸಾವಿರಕ್ಕೂ ಹೆಚ್ಚು ಜೀನೋಮ್‌ಗಳನ್ನು ಹೋಲಿಸಿದ ಅವರು, ಈ ಬಳಗದ ಮಟ್ಟಿಗೆ ಗೆರೆಯನ್ನು ಶೇ 95ರಿಂದ 92.5ಕ್ಕೆ ಇಳಿಸಿದರೆ ತಳಿಗಳು ಒಂದರ ಮೇಲೊಂದು ಬೀಳದೆ ಎಂಟು ಪ್ರಭೇದಗಳಾಗಿ ನಿಲ್ಲುತ್ತವೆ ಎಂದರು. ಆಂಥ್ರಾಕ್ಸ್ ವಿಷ, ವಾಂತಿಯ ವಿಷ, ಹುಳು ಕೊಲ್ಲುವ ಹರಳು ಇವನ್ನು ಪ್ರಭೇದದ ಹೆಸರಿಗೆ ಕಟ್ಟದೆ, ಯಾವ ಪ್ರಭೇದದಲ್ಲಿ ಕಂಡರೂ ಅದರ ಹೆಸರಿನ ಮುಂದೆ ಬರೆಯುವ ಬಯೋವಾರ್ ಎಂಬ ಬಿರುದಿಗೆ ಕಟ್ಟಿದರು. ಸಲಹೆ ಎಲ್ಲರಿಗೂ ಒಪ್ಪಿಗೆಯಾಗಿಲ್ಲ. ನೂರು ವರ್ಷದ ಹೆಸರುಗಳು ಒಂದು ಪ್ರಬಂಧಕ್ಕೆ ಮಣಿಯುವುದಿಲ್ಲ. ಆದರೆ ಕಾನೂನು ಇವರಿಗಿಂತ ಮೊದಲೇ ಈ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಿತ್ತು. 2016ರಲ್ಲಿ ಅಮೆರಿಕ ಸರ್ಕಾರ ಅತಿ ಅಪಾಯಕಾರಿ ರೋಗಾಣುಗಳ ಪಟ್ಟಿಗೆ ಸೀರಿಯಸ್‌ನ ಆಂಥ್ರಾಸಿಸ್ ಬಯೋವಾರನ್ನು ಸೇರಿಸಿತು. ಪ್ರಭೇದ ಸೀರಿಯಸ್ಸೇ ಇರಲಿ, ಬೀಗ ಹಾಕಬೇಕಾದದ್ದು ಕಸುಬಿಗೆ ಎಂದು ಅದು ಒಪ್ಪಿಕೊಂಡಂತಾಯಿತು. ಅಪಾಯದ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಾಣದು.

ಇಷ್ಟೆಲ್ಲ ಕೇಳಿದ ಪೆರೇಸಂದ್ರದ ಕುರಿಗಾರರು ‘ಇದರಿಂದ ನಮಗೇನು’ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರ ಅವರ ಭಾಷೆಯಲ್ಲೇ ಇದೆ. ನೆರಡಿ, ಸಪ್ಪೆ, ಹಾಲುತೊಂಡೆ, ಸುಣ್ಣಕಟ್ಟು, ಗಂಟು ರೋಗ: ಹಳ್ಳಿ ಹೆಸರಿಟ್ಟದ್ದು ರೋಗಕ್ಕೆ. ರೋಗಾಣುವಿನ ಕುಲ ಯಾವುದೆಂದು ಹೇಳುವ ಗೋಜಿಗೆ ಅದು ಹೋಗಲಿಲ್ಲ. ಸಪ್ಪೆ ಎಂಬ ಒಂದು ಮಾತಿನಡಿ ವೈರಸ್ಸೂ ಬ್ಯಾಕ್ಟೀರಿಯಾವೂ ಇರಬಹುದು. ಕಸುಬಿನ ಲೆಕ್ಕಕ್ಕೆ ಅಷ್ಟು ಸಾಕಿತ್ತು. ತಪ್ಪಾದದ್ದು ರೋಗದ ಹೆಸರನ್ನು ತಂದು ರೋಗಾಣುವಿನ ವಂಶವೃಕ್ಷದ ಮೇಲೆ ನೇತುಹಾಕಿದಾಗ. ಇಂದು ರೈತರು ಕೊಳ್ಳುವ ಬಿಟಿ ಡಬ್ಬಿಯಲ್ಲೂ ಇದೇ ಪಾಠವಿದೆ. ಪತಂಗದ ಮರಿಗಳನ್ನು ಕೊಲ್ಲುವ ಕುರ್ಸ್ಟಾಕಿ ಎಂಬ ಬಿಟಿ ರೇಷ್ಮೆ ಹುಳುವನ್ನೂ ಬಿಡುವುದಿಲ್ಲ, ಏಕೆಂದರೆ ರೇಷ್ಮೆ ಹುಳುವೂ ಒಂದು ಪತಂಗದ ಮರಿಯೇ. ಸೊಳ್ಳೆ ಮರಿಗಳಿಗೆ ಬಳಸುವ ಇಸ್ರೇಲೆನ್ಸಿಸ್ ಎಂಬ ಬಿಟಿಯ ಹರಳು ಬೇರೆ ಬಗೆಯದು. ಪ್ರಭೇದದ ಹೆಸರು ಎರಡಕ್ಕೂ ಒಂದೇ. ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಟೊಮ್ಯಾಟೊಗೆ ಔಷಧಿ ಹೊಡೆಯುವವರಿಗೆ ಬೇಕಾದದ್ದು ಅದರ ಮುಂದಿನ ಮಾತು.

ಡಿಎನ್‌ಎ ಹೋಲಿಕೆ ಸೋತಿತೆಂದು ಇದರಿಂದ ಯಾರೂ ತಿಳಿಯಬಾರದು. ಕುರಿಯನ್ನು ಕೊಲ್ಲುವುದು ಬ್ಯಾಕ್ಟೀರಿಯಾದ ಯಾವ ತುಂಡು, ಹುಳುವನ್ನು ಕೊಲ್ಲುವುದು ಯಾವ ತುಂಡು ಎಂಬ ಪ್ರಶ್ನೆ ಹರಿತವಾದದ್ದೇ ಉಳಿದದ್ದೆಲ್ಲ ಒಂದೇ ಎಂದು ಆ ತಕ್ಕಡಿ ತೋರಿಸಿದ್ದರಿಂದ. ಸಾಮ್ಯವನ್ನು ಅಳೆಯದೆ ಭೇದ ಎಲ್ಲಿದೆಯೆಂದು ತಿಳಿಯುವುದಿಲ್ಲ. ಅಷ್ಟು ಒಪ್ಪಿಕೊಂಡು ಹೇಳುತ್ತೇನೆ: ಪ್ರಭೇದದ ಹೆಸರನ್ನು ಡಿಎನ್‌ಎ ತೀರ್ಮಾನಿಸಲಿ, ಕಸುಬು ಅದರ ಮುಂದೆ ಬಿರುದಾಗಿ ಎದ್ದುಕಾಣಲಿ, ಒಂದನ್ನು ಅಳಿಸಿ ಇನ್ನೊಂದನ್ನು ಬರೆಯುವುದು ಬೇಡ. ಈ ತೀರ್ಪನ್ನು ಆಯೋಗಗಳು ಒಪ್ಪುವ ತನಕವೂ ಮಣ್ಣಿನ ಬೀಜಕಗಳು ಕಾಯುತ್ತಲೇ ಇರುತ್ತವೆ. ಆದ್ದರಿಂದ ಹೆಸರು ಯಾವುದಾದರೂ ಇರಲಿ, ಕುರಿಯೊಂದು ಏಕಾಏಕಿ ಸತ್ತು ಮೂಗಿನಲ್ಲೋ ಗುದದಲ್ಲೋ ಹೆಪ್ಪುಗಟ್ಟದ ಕಪ್ಪು ರಕ್ತ ಕಂಡರೆ ಅದನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಮಾಂಸ ಹಂಚಬೇಡಿ. ಗಾಳಿ ತಾಗಿದ ರಕ್ತದಲ್ಲೇ ಬೀಜಕ ಕಟ್ಟುವುದು. ಪಶುವೈದ್ಯರಿಗೆ ತಿಳಿಸಿ, ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ. ಉಳಿದ ಹಿಂಡಿಗೆ ಲಸಿಕೆ ಹಾಕಿಸಿ.